ಹಸುವಿಗೆ ಭಾನುವಾರವಿಲ್ಲ!

2024ರ ಜೂನ್ ಕೊನೆಯಲ್ಲಿ ನಂದಿನಿ ಹಾಲಿನ ಪ್ಯಾಕೆಟ್ಟು ಇದ್ದಕ್ಕಿದ್ದಂತೆ ಉಬ್ಬಿತು. ಅರ್ಧ ಲೀಟರಿನದು 550 ಮಿಲಿ, ಒಂದು ಲೀಟರಿನದು 1050 ಮಿಲಿ, ಬೆಲೆ ಎರಡು ರೂಪಾಯಿ ಜಾಸ್ತಿ. ಊರೆಲ್ಲ ಮಾತಾಡಿದ್ದು ಆ ಎರಡು ರೂಪಾಯಿಯ ಬಗ್ಗೆ. ಬೆರಗು ಇದ್ದದ್ದು ಆ 50 ಮಿಲಿಯಲ್ಲಿ! ರಾಜ್ಯದ ಹಳ್ಳಿಗಳಿಂದ ಕರ್ನಾಟಕ ಹಾಲು ಮಹಾಮಂಡಳಕ್ಕೆ, ಅಂದರೆ ಕೆಎಂಎಫ್‌ಗೆ ದಿನವೊಂದಕ್ಕೆ ಬರುವ ಹಾಲು ಒಂದು ಕೋಟಿ ಲೀಟರಿನ ಹತ್ತಿರ ಮುಟ್ಟಿತ್ತು. ಅಷ್ಟು ಹಾಲಿಗೆ ಜಾಗ ಬೇಕಲ್ಲ? ಪ್ಯಾಕೆಟ್ಟಿಗೆ ಮೂರ್ನಾಲ್ಕು ದೊಡ್ಡ ಚಮಚದಂತೆ ಹಂಚಿ, ಆ ಪ್ರವಾಹದ ಒಂದು ಪಾಲನ್ನು ನಮ್ಮ ನಿಮ್ಮ ಅಡುಗೆಮನೆಗೇ ತಿರುಗಿಸಿಬಿಟ್ಟರು. 2025ರ ಏಪ್ರಿಲ್‌ನಲ್ಲಿ ಮತ್ತೆ ಹಳೆಯ ಅಳತೆಯೇ ಬಂತು.

ಸಪ್ಲೈ ಚೈನ್ (ಪೂರೈಕೆಯ ಸರಪಳಿ) ಎಂದರೆ ಹಡಗು, ಗೋದಾಮು, ಕಂಪ್ಯೂಟರ್ ಪರದೆ ಎಂದುಕೊಂಡಿದ್ದರೆ ಒಮ್ಮೆ ಈ ಹಾಲಿನ ಹಿಂದೆ ಹೋಗಿ ನೋಡಬೇಕು. ಆ ವಿದ್ಯೆಯ ಮೊದಲ ಪಾಠ, ಗಿರಾಕಿ ಎಷ್ಟು ಕೇಳುತ್ತಾನೋ ನೋಡು, ಅಷ್ಟೇ ತಯಾರಿಸು. ಕಾರು ಕೊಳ್ಳುವವರಿಲ್ಲದಿದ್ದರೆ ಕಾರ್ಖಾನೆ ನಿಲ್ಲಿಸಬಹುದು. ಹಸುವನ್ನು ನಿಲ್ಲಿಸುವುದು ಹೇಗೆ? ಅದಕ್ಕೆ ಭಾನುವಾರವಿಲ್ಲ, ಹಬ್ಬವಿಲ್ಲ, ಮುಷ್ಕರವೂ ಇಲ್ಲ. ಇನ್ನೂ ವಿಚಿತ್ರ ಕೇಳಿ: ಬೇಸಿಗೆಯಲ್ಲಿ ಊರೆಲ್ಲ ಮೊಸರು, ಮಜ್ಜಿಗೆ ಎಂದು ಮುಗಿಬೀಳುವಾಗ ಹಸಿಮೇವಿಲ್ಲದೆ ಹಸು ಹಾಲು ಇಳಿಸುತ್ತದೆ, ಮಳೆ ಬಿದ್ದು ಹುಲ್ಲು ಚಿಗುರಿದಾಗ ಕೆಚ್ಚಲು ತುಂಬುತ್ತದೆ, ಆಗ ಮಜ್ಜಿಗೆ ಕೇಳುವವರೇ ಕಡಿಮೆ!

ಅದೂ ಎಂಥ ಸರಕು! ಕೆಚ್ಚಲಿನಿಂದ ಇಳಿಯುವಾಗ ಸುಮಾರು 38 ಡಿಗ್ರಿ ಬೆಚ್ಚಗಿರುತ್ತದೆ, ಸೂಕ್ಷ್ಮಜೀವಿಗಳಿಗೆ ಅದೇ ಹಬ್ಬದೂಟ. ಕೆಲವೇ ಗಂಟೆಯಲ್ಲಿ ತಣ್ಣಗಾಗದಿದ್ದರೆ ಕೆಟ್ಟಂತೆಯೇ. ಹಾಗಾಗಿ ಬೆಳಕು ಹರಿಯುವ ಹೊತ್ತಿಗೆ ಊರಿನ ಡೈರಿಯ ಮುಂದೆ ಸಾಲು. ಒಬ್ಬರ ಕ್ಯಾನಿನಲ್ಲಿ ಐದು ಲೀಟರ್, ಇನ್ನೊಬ್ಬರದರಲ್ಲಿ ಎರಡು. ಅಳತೆ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ), ಚೀಟಿ. ಅಲ್ಲಿಂದ ಬಿಎಂಸಿ, ಅಂದರೆ ಹಾಲನ್ನು 4 ಡಿಗ್ರಿಗೆ ಇಳಿಸುವ ದೊಡ್ಡ ತೊಟ್ಟಿ. ಆಮೇಲೆ ಟ್ಯಾಂಕರ್. ಡೈರಿ ಘಟಕದಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ, ಮತ್ತೆ ತಣಿಸಿ, ಪ್ಯಾಕೆಟ್ಟು, ಕ್ರೇಟು, ನಸುಕಿನ ವ್ಯಾನು. ಹಾಲು ಹೀಗೆ ಕೆಳಗಿಳಿಯುತ್ತಿರುವಾಗಲೇ ಹಣ ಎದುರು ದಿಕ್ಕಿನಲ್ಲಿ, ನಮ್ಮ ಜೇಬಿನಿಂದ ರೈತರ ಖಾತೆಯತ್ತ ಹತ್ತುತ್ತಿರುತ್ತದೆ.

ಹಣದ ಜೊತೆಗೇ ಇನ್ನೊಂದು ಹತ್ತುತ್ತದೆ, ನನ್ನನ್ನು ನಿಜಕ್ಕೂ ಮೂಕನಾಗಿಸಿದ್ದು ಅದೇ: ಸುದ್ದಿ. ಹಾಲಿನ ಬೂತಿನವರು ನಾಳೆಗೆ ಇಷ್ಟು ಬೇಕು ಎಂದು ಹಿಂದಿನ ದಿನವೇ ಕೊಡುವ ಇಂಡೆಂಟ್. ಇದರ ಬೆಲೆ ತಿಳಿಯಲು ಅಮೆರಿಕದ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯ ಕತೆ ನೋಡಿ. ಮಕ್ಕಳು ಡೈಪರ್ ಬಳಸುವುದು ದಿನವೂ ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿ. ಅಂಗಡಿಯ ಮಾರಾಟವೂ ಸಮ. ಆದರೆ ಸಗಟು ವ್ಯಾಪಾರಿಗಳ ಬೇಡಿಕೆ ಏರಿಳಿಯುತ್ತಿತ್ತು, ಕಂಪನಿ ತನಗೆ ಕಚ್ಚಾಮಾಲು ಕೊಡುವವರಿಗೆ ಕಳಿಸುತ್ತಿದ್ದ ಬೇಡಿಕೆಯ ಏರಿಳಿತ ಅದಕ್ಕಿಂತ ಹೆಚ್ಚು! ಪ್ರತಿಯೊಬ್ಬರೂ ಎದುರಿನವರ ಬೇಡಿಕೆ ನೋಡಿ, ಇರಲಿ ಎಂದು ಒಂದಿಷ್ಟು ಸೇರಿಸುತ್ತಾ ಹೋದರೆ, ಚಾಟಿಯ ಹಿಡಿ ಚೂರು ಅಲುಗಿದರೂ ತುದಿ ಗಾಳಿ ಸೀಳುವಂತೆ ಆಗುತ್ತದೆ. ಎಂಐಟಿಯ ಜೇ ಫಾರೆಸ್ಟರ್ 1961ರಲ್ಲೇ ಈ ತೂಗಾಟವನ್ನು ವಿವರಿಸಿದ್ದರು. ಸುದ್ದಿ ನೇರವಾಗಿ, ಬೇಗ ತಲುಪಿದಷ್ಟೂ ಚಾಟಿ ತಣ್ಣಗಿರುತ್ತದೆ. ಹಾಲಿನಲ್ಲಂತೂ ಸುದ್ದಿ ದಿನವೂ ಹೊಸದು. ಹೆದರಿ ಕೂಡಿಟ್ಟುಕೊಳ್ಳುತ್ತೇನೆಂದರೆ ಹಾಲು ಒಡೆದೇ ಹೋಗುತ್ತದೆ.

ಹಾಗಾದರೆ ಮಾರಾಟವಾಗದೆ ಮಿಕ್ಕ ಹಾಲು? ಹಾಲಿನಲ್ಲಿ ನೂರಕ್ಕೆ 87 ಪಾಲು ನೀರು. ಕೆನೆ ತೆಗೆದು ಬೆಣ್ಣೆ, ತುಪ್ಪ ಮಾಡಿ, ಉಳಿದ ಹಾಲನ್ನು ಬಿಸಿಗಾಳಿಯ ಗೋಪುರದೊಳಗೆ ತುಂತುರಾಗಿ ಸಿಡಿಸುತ್ತಾರೆ. ಸುಮಾರು 11 ಲೀಟರ್ ಒಂದು ಕಿಲೋ ಪುಡಿಯಾಗಿ ನೆಲ ಸೇರುತ್ತದೆ! ಗಂಟೆಗಳ ಆಯಸ್ಸಿನ ಸರಕಿಗೆ ತಿಂಗಳುಗಳ ಆಯಸ್ಸು. ಮಳೆಗಾಲದ ಹಾಲು ಬೇಸಿಗೆಗೆ ಒದಗುತ್ತದೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದಲ್ಲಿ ಸರ್ಕಾರಿ ಶಾಲೆಯ ಮಕ್ಕಳ ಲೋಟಕ್ಕೆ ಬಂದದ್ದೂ ಹಾಲಿನ ಪುಡಿಯೇ. 2020ರ ಏಪ್ರಿಲ್‌ನ ಲಾಕ್‌ಡೌನ್‌ನಲ್ಲಿ ಹೋಟೆಲುಗಳು ಮುಚ್ಚಿದಾಗಲೂ ಹಸುಗಳು ಹಾಲು ಕೊಡುತ್ತಲೇ ಇದ್ದವು. ಮಾರಾಟವಾಗದ ಹಾಲನ್ನು ಸರ್ಕಾರ ಕೊಂಡು ಬಡವರಿಗೆ ಉಚಿತವಾಗಿ ಹಂಚಿತು. ಮಿಕ್ಕಿದ್ದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಾಣದು.

ಈ ಸರಪಳಿಯಲ್ಲಿ ನಿಮ್ಮದೂ ಒಂದು ಕೊಂಡಿ ಇದೆ. ಮನೆಯಲ್ಲಿ ಸೀಮಂತವೋ ಗೃಹಪ್ರವೇಶವೋ ಇದ್ದರೆ, ಹತ್ತು ಲೀಟರ್ ಹೆಚ್ಚು ಬೇಕೆಂದು ಬೂತಿನವರಿಗೆ ಹಿಂದಿನ ದಿನವೇ ಹೇಳಿಬಿಡಿ. ಇಂಡೆಂಟ್ ಹೋಗುವ ಮೊದಲು ಹೇಳಿದರೆ ನಿಮಗೂ ಹಾಲು ಸಿಗುತ್ತದೆ, ಪಕ್ಕದ ಮನೆಯವರಿಗೂ ಕೊರತೆಯಾಗುವುದಿಲ್ಲ.