ಮುಖ ಮರೆತ ಪೆಟ್ಟಿಗೆಗಳು

ನಮ್ಮ ಮನೆಯ ಗಣಕಯಂತ್ರದಲ್ಲಿ ಮೂರು ತಲೆಮಾರಿನ ಸಂಸಾರ ನಡೆದಿದೆ. ಅತ್ತೆಯವರು ಧಾರವಾಡದ ಕಡೆಯವರು, ಕನ್ನಡವನ್ನಷ್ಟೇ ಓದಬಲ್ಲರು. ಮೊಮ್ಮಗಳು ಪುಣೆಯಲ್ಲೇ ಹುಟ್ಟಿ ಬೆಳೆದವಳು. ಮಾತು ಕನ್ನಡವಾದರೂ ಓದುವುದು ಮರಾಠಿ, ಇಂಗ್ಲಿಷು. ಇಬ್ಬರಿಗೂ ತಿಳಿಯುವ ಹೆಸರನ್ನು ಫೋಲ್ಡರುಗಳಿಗೆ ಎಲ್ಲಿಂದ ತರುವುದು? ನಾವು ಒಂದೊಂದಕ್ಕೂ ಒಂದೊಂದು ಚಿತ್ರ ಕೂಡಿಸಿದೆವು. ಮದುವೆಯ ಫೋಟೋಗಳಿಗೆ ಬಾಸಿಂಗ. ಭೀಮಸೇನ ಜೋಶಿಯವರ ಹಾಡುಗಳಿಗೆ ತಂಬೂರಿ. ತೀರಿಕೊಂಡ ಮಾವನವರ ದನಿಯಿದ್ದ ಫೋಲ್ಡರಿಗೆ ಅವರ ಕನ್ನಡಕ. ಗದಗ ಸೀಮೆಯ ಜೋಶಿಯವರು ತಮ್ಮ ಗುರುಗಳ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಉತ್ಸವಕ್ಕೆ ಹೋಗಿಬಂದ ಕಥೆಗಳನ್ನೇ ಮಾವನವರು ಟೇಪಿನಲ್ಲಿ ಹೇಳಿಟ್ಟಿದ್ದರು.

ದೀಪಾವಳಿಗೆ ಇವೆಲ್ಲವನ್ನೂ ಪೆನ್‌ಡ್ರೈವಿಗೆ ತುಂಬಿಕೊಂಡು ಹಡಪಸರದ ನಾದಿನಿಯ ಮನೆಗೆ ಹೋದೆವು. ಅಲ್ಲಿ ತೆರೆದರೆ ತಂಬೂರಿಯಿಲ್ಲ, ಕನ್ನಡಕವಿಲ್ಲ. ಸಾಲಾಗಿ ಒಂದೇ ಬಗೆಯ ಹಳದಿ ಪೆಟ್ಟಿಗೆಗಳು! “ಅವರ ದನೀನೂ ಹೋತೇನು?” ಎಂದರು ಅತ್ತೆಯವರು. ಪೆನ್‌ಡ್ರೈವ್ ಕೆಟ್ಟಿರಬೇಕು, ಫಾರ್ಮ್ಯಾಟ್ ಮಾಡಿಬಿಡೋಣವೆಂದು ಅಳಿಯಂದಿರು ಕೈಹಾಕಿದಾಗ ನಮ್ಮ ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಅಷ್ಟರಲ್ಲಿ ಊಟಕ್ಕೆ ಕರೆ ಬಂತು.

ಒಳಗಿನದೇನೂ ಕಳೆದಿರಲಿಲ್ಲ. ವಿಂಡೋಸ್‌ನಲ್ಲಿ ಫೋಲ್ಡರಿನ ಚಿತ್ರ ಬದಲಿಸಿದಾಗ ಅದರೊಳಗೆ ‘ಡೆಸ್ಕ್‌ಟಾಪ್.ಐಎನ್‌ಐ’ ಎಂಬ ಅಡಗಿದ ಚೀಟಿಯೊಂದು ಹುಟ್ಟುತ್ತದೆ. ಅದರಲ್ಲಿರುವುದು ಚಿತ್ರದ ವಿಳಾಸ ಮಾತ್ರ, ಚಿತ್ರವಲ್ಲ. ನಾವೋ ಚಿತ್ರಗಳನ್ನು ಮನೆಯ ಯಂತ್ರದ ‘ಡಿ’ ಡ್ರೈವಿನಲ್ಲಿ ಇಟ್ಟಿದ್ದೆವು. ಚೀಟಿ ಹಡಪಸರಕ್ಕೆ ಬಂತು, ಚಿತ್ರ ಮನೆಯಲ್ಲೇ ಉಳಿಯಿತು. ಬಾಡಿಗೆಮನೆ ಬದಲಿಸಿದ ಮೇಲೂ ಹಳೆಯ ವಿಳಾಸಕ್ಕೇ ಟಪಾಲು ಹೋಗುವುದನ್ನು ಕಂಡ ನಮ್ಮಂಥವರಿಗೆ ಇದು ಹೊಳೆಯಬೇಕಿತ್ತು.

ಮನೆಗೆ ಬಂದು ಪ್ರತಿಯೊಂದು ‘ಐಸಿಒ’ ಚಿತ್ರವನ್ನೂ ಅದರದೇ ಫೋಲ್ಡರಿನೊಳಗೆ ಇಟ್ಟೆವು. ಅಡಗಿದ ಫೈಲುಗಳು ಕಾಣುವಂತೆ ಮಾಡಿ, ಚೀಟಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ‘ಐಕಾನ್‌ರಿಸೋರ್ಸ್’ ಸಾಲಿನಲ್ಲಿದ್ದ ಡ್ರೈವು, ದಾರಿಗಳನ್ನು ಅಳಿಸಿ, ಚಿತ್ರದ ಹೆಸರನ್ನೂ ಅದರ ಮುಂದಿನ ಅಲ್ಪವಿರಾಮ, ಸೊನ್ನೆಗಳನ್ನೂ ಮಾತ್ರ ಉಳಿಸಿದೆವು. ಇನ್ನೊಂದು ಕಟ್ಟಳೆಯೂ ಉಂಟು: ಫೋಲ್ಡರಿಗೆ ‘ರೀಡ್-ಓನ್ಲಿ’ ಇಲ್ಲವೆ ‘ಸಿಸ್ಟಮ್’ ಗುರುತು ಇಲ್ಲದಿದ್ದರೆ ವಿಂಡೋಸ್ ಆ ಚೀಟಿಯನ್ನು ಓದುವುದೇ ಇಲ್ಲ. ಕಮಾಂಡ್ ಪ್ರಾಂಪ್ಟಿನಲ್ಲಿ ‘ಅಟ್ರಿಬ್ +ಆರ್’ ಎಂದು ಬರೆದು ಮುಂದೆ ಫೋಲ್ಡರಿನ ಹೆಸರು ಕೊಟ್ಟರೆ ಗುರುತು ಬೀಳುತ್ತದೆ.

ಇಷ್ಟಾದರೂ ಕನ್ನಡಕ ಮೂಡಲಿಲ್ಲ. ಅಭಿಮಾನದಿಂದ ಚಿತ್ರದ ಫೈಲಿಗೆ ನಾವು ಕನ್ನಡದಲ್ಲೇ ಹೆಸರಿಟ್ಟಿದ್ದೆವು. ಚೀಟಿಯಲ್ಲಿ ಅದು ಬರೀ ಪ್ರಶ್ನೆಚಿಹ್ನೆಗಳಾಗಿತ್ತು. ಚೀಟಿಯನ್ನು ಉಳಿಸುವಾಗ ‘ಯುಟಿಎಫ್-16 ಎಲ್‌ಇ’ ಆರಿಸಿದ ಮೇಲೆ ಸರಿಹೋಯಿತು. ಚಿತ್ರದಲ್ಲಿ 16, 32, 48, 256 ಚುಕ್ಕೆಗಳ ಅಳತೆಗಳೆಲ್ಲ ಇದ್ದರೆ ಮಸುಕೂ ಆಗದು. ಸುಮ್ಮನೆ ಫೋಟೋದ ಹೆಸರಿನ ಬಾಲ ತಿದ್ದಿ ‘ಐಸಿಒ’ ಮಾಡಹೊರಟವರು ನಮ್ಮಲ್ಲೂ ಒಬ್ಬರಿದ್ದಾರೆ, ಹೆಸರು ಬೇಡ.

ತಂಬೂರಿ ಮಾತ್ರ ಹಟ ಹಿಡಿಯಿತು. ವಿಂಡೋಸ್ ಒಮ್ಮೆ ಕಂಡ ಚಿತ್ರಗಳನ್ನು ‘ಐಕಾನ್‌ಕ್ಯಾಶ್’ ಎಂಬ ಫೈಲುಗಳಲ್ಲಿ ಕೂಡಿಟ್ಟುಕೊಂಡು ಹಳೆಯದನ್ನೇ ತೋರಿಸುತ್ತಿರುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಎಕ್ಸ್‌ಪ್ಲೋರರನ್ನು ಮತ್ತೆ ಶುರುಮಾಡಿದರೆ ಕೆಲವೊಮ್ಮೆ ಸಾಕು. ನಮಗೆ ಆ ಫೈಲುಗಳನ್ನೇ ಅಳಿಸಬೇಕಾಯಿತು. ಹೆದರಬೇಕಿಲ್ಲ, ಅವು ತಾವಾಗಿಯೇ ಮತ್ತೆ ಹುಟ್ಟುತ್ತವೆ.

ಈಗ ಅತ್ತೆಯವರು ಸಂಜೆ ದೀಪ ಹಚ್ಚಿ, ತಾವೇ ಕನ್ನಡಕವನ್ನು ಒತ್ತಿ, ಮಾವನವರ ದನಿ ಕೇಳುತ್ತ ಕೂಡುತ್ತಾರೆ. ಫೋನಿನಲ್ಲಿ ಮಾತ್ರ ಈ ಚಿತ್ರಗಳು ಕಾಣವು. ಅಲ್ಲಿ ಹೆಸರೇ ಗತಿ. ಅದಕ್ಕೆಂದು ಮೊಮ್ಮಗಳು ‘ಅಜ್ಜನ ದನಿ’ ಎಂಬ ಐದು ಅಕ್ಷರ ಕಲಿತಿದ್ದಾಳೆ. ಉಳಿದವು ಬೇಸಿಗೆ ರಜೆಗೆಂದು ಅವಳ ಕರಾರು.