ಪೊರೆ ಹಣ್ಣಾಗಲಿ ಎಂದು ಕಾಯಬೇಡಿ

ಎಪ್ಪತ್ತೆರಡು ತುಂಬಿದ ನಮ್ಮ ದೊಡ್ಡಮ್ಮ ಒಂದು ಬೆಳಿಗ್ಗೆ ಕನ್ನಡಕವಿಲ್ಲದೆ ಪಂಚಾಂಗ ಓದಿದರು. 'ಹೋದ ಕಣ್ಣು ತಿರುಗಿ ಬಂತು ಕಣೋ' ಎಂದು ಹಿಗ್ಗೋ ಹಿಗ್ಗು. ಅದೇ ಹೊತ್ತಿಗೆ ಒಂದು ತಕರಾರೂ ಶುರುವಾಗಿತ್ತು: ದೊಡ್ಡಪ್ಪನ ಪಂಚೆಗಳೆಲ್ಲ ಹಳದಿ ತಿರುಗುತ್ತಿವೆ, ಸೋಪು ಸರಿಯಿಲ್ಲ. ಮೂರು ಸಲ ಸೋಪು ಬದಲಾಯಿತು. ಪಂಚೆ ಬೆಳ್ಳಗಾಗಲಿಲ್ಲ.

ಎರಡಕ್ಕೂ ಕಣ್ಣಿನ ಡಾಕ್ಟರು ಒಂದೇ ಕಾರಣ ಹೇಳಿದರು: ಪೊರೆ. ಕಣ್ಣೊಳಗಿನ ಮಸೂರದ ನಡುಭಾಗ ಗಟ್ಟಿಯಾಗುತ್ತಾ ಹಳದಿಗಟ್ಟಿದಾಗ ಅದರ ಪವರ್ ಏರುತ್ತದೆ. ಹತ್ತಿರದ ಅಕ್ಷರ ಕೆಲಕಾಲ ಚೆನ್ನಾಗಿ ಕಾಣುತ್ತದೆ, ದೂರದ ಬಸ್ಸಿನ ಬೋರ್ಡು ಮಸುಕಾಗುತ್ತದೆ, ಬಿಳಿಯೆಲ್ಲ ಹಳದಿಯಾಗುತ್ತದೆ. ರಾತ್ರಿ ಎದುರು ಬರುವ ಗಾಡಿಯ ದೀಪ ಚೆದುರಿ ಕಣ್ಣಿಗೆ ರಾಚುವುದೂ ಇದರ ಲಕ್ಷಣವೇ.

ಕಳಚದ ಪೊರೆ

'ಪೊರೆ' ಎಂದ ಕೂಡಲೇ ಹಾವಿನ ಪೊರೆ ನೆನಪಾಗುತ್ತದೆ. ಕಣ್ಣಿನ ಮೇಲೆ ಏನೋ ತೆಳ್ಳಗೆ ಕವಿದಿದೆ, ಸುಲಿದರಾಯಿತು ಅನ್ನಿಸುತ್ತದೆ. ಅಲ್ಲಿ ಕವಿದದ್ದು ಏನೂ ಇಲ್ಲ. ಚನ್ನಂಗಿ ಬೇಳೆಯ ಆಕಾರದ, ಸುಮಾರು 4 ಮಿಲಿಮೀಟರ್ ದಪ್ಪದ ಮಸೂರವೇ ಮಂಜಾಗಿರುತ್ತದೆ. ಉತ್ತರ ಕರ್ನಾಟಕದವರ 'ಮೋತಿಬಿಂದು' ನಿಜಕ್ಕೆ ಹತ್ತಿರ. ಬಲಿತಾಗ ಪಾಪೆಯ ಹಿಂದೆ ಕಾಣುವುದು ಮುತ್ತಿನಂಥ ಬಿಳುಪೇ.

ಹಾವು ಹಳೆಯದನ್ನು ಕಳಚುತ್ತದೆ, ಮಸೂರ ಏನನ್ನೂ ಕಳಚುವುದಿಲ್ಲ. ಈರುಳ್ಳಿಯಂತೆ ಪದರದ ಮೇಲೆ ಪದರ ಬೆಳೆಯುತ್ತಲೇ ಇರುತ್ತದೆ. ನಟ್ಟನಡುವಿನ ಕೋಶಗಳು ನಾವು ತಾಯಿಯ ಹೊಟ್ಟೆಯಲ್ಲಿದ್ದಾಗ ಹುಟ್ಟಿದವು. ಅಲ್ಲಿಗೆ ರಕ್ತನಾಳವಿಲ್ಲ, ಕೆಟ್ಟ ಪ್ರೋಟೀನನ್ನು ಬದಲಿಸುವ ದಾರಿಯೂ ಇಲ್ಲ. ವಯಸ್ಸಾದಂತೆ ಆ ಪ್ರೋಟೀನು ಹಾಲು ಒಡೆದ ಹಾಗೆ ಗಂಟುಗಟ್ಟಿ ಬೆಳಕನ್ನು ಚೆದುರಿಸುತ್ತದೆ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಬಹುಕಾಲದ ಸ್ಟೀರಾಯ್ಡ್, ಸುಡುಬಿಸಿಲು ಇದನ್ನು ಬೇಗ ತರುತ್ತವೆ. ಯಾವ ಡ್ರಾಪ್ಸ್, ಯಾವ ಸೊಪ್ಪಿನ ರಸವೂ ಇದನ್ನು ಕರಗಿಸುವುದಿಲ್ಲ.

ಹಣ್ಣಾಗುವ ಲೆಕ್ಕ

'ಇನ್ನೂ ಹಣ್ಣಾಗಿಲ್ಲವಂತೆ, ಆಗಲಿ ತಡಿ' ಎಂದು ದೊಡ್ಡಮ್ಮ ಮತ್ತೆರಡು ವರ್ಷ ತಳ್ಳಿದರು. ಹಿಂದೆ ಈ ಮಾತಿಗೆ ಅರ್ಥವಿತ್ತು. ಬೀಳಗಿಯ ಡಾ. ಎಂ. ಸಿ. ಮೋದಿ ಊರೂರು ತಿರುಗಿ ಶಿಬಿರ ಹಾಕಿ, ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿ ದಾಖಲೆ ಬರೆದ ಕಾಲದಲ್ಲಿ ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದರು. ಬದಲಿಗೆ ಒಳಗೆ ಏನನ್ನೂ ಇಡುತ್ತಿರಲಿಲ್ಲ. ಹತ್ತು ಪವರಿನ ಸೋಡಾಬುಡ್ಡಿ ಕನ್ನಡಕವೇ ಗತಿ. ಅದರಲ್ಲಿ ಎಲ್ಲವೂ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತಿದ್ದುದರಿಂದ ಲೋಟಕ್ಕೆ ಚಾಚಿದ ಕೈ ಗುರಿ ತಪ್ಪುತ್ತಿತ್ತು. ಕಣ್ಣು ಪೂರ್ತಿ ಹೋಗುವವರೆಗೆ ಯಾರು ಇದನ್ನು ಬಯಸಿಯಾರು?

ಲೆಕ್ಕ ತಿರುವುಮುರುವಾದದ್ದು ಎರಡು ಹೆಜ್ಜೆಯಲ್ಲಿ. ಯುದ್ಧವಿಮಾನದ ಗಾಜಿನಂಥ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಲ್ಲಿ ಹೊಕ್ಕರೂ ಕಣ್ಣು ಕೆರಳದಿದ್ದುದನ್ನು ಗಮನಿಸಿದ ಕಣ್ಣಿನ ಡಾಕ್ಟರು ಹೆರಾಲ್ಡ್ ರಿಡ್ಲಿ, 1949ರಲ್ಲಿ ಲಂಡನ್ನಿನಲ್ಲಿ ಅದೇ ಬಗೆಯ ಪ್ಲಾಸ್ಟಿಕ್ಕಿನ ಮಸೂರ ಕೂರಿಸಿದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್, ಹಲ್ಲಿನ ಡಾಕ್ಟರ ಶ್ರವಣಾತೀತ ಉಪಕರಣ ಕಂಡು ಅದೇ ಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರುವ 'ಫೇಕೊ' ತಂದರು. ಜನ ಇದನ್ನೇ 'ಲೇಸರ್ ಆಪರೇಷನ್' ಎನ್ನುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಲೇಸರ್ ಇರುವುದಿಲ್ಲ. ಸುಮಾರು ಎರಡೂವರೆ ಮಿಲಿಮೀಟರ್ ಸೀಳು ಸಾಕು. ಮಡಚಿದ ಲೆನ್ಸ್ ಒಳಗೆ ಹೋಗಿ, ಹಳೆಯ ಮಸೂರವನ್ನು ಸುತ್ತಿದ್ದ ತೆಳು ಚೀಲದಲ್ಲೇ ಅರಳಿಕೊಳ್ಳುತ್ತದೆ. ಹೆಚ್ಚಿನವರಿಗೆ ಹೊಲಿಗೆ ಬೇಡ, ಅದೇ ದಿನ ಮನೆಗೆ. ಸರ್ಕಾರಿ ಆಸ್ಪತ್ರೆಗಳಲ್ಲಿ ರಾಷ್ಟ್ರೀಯ ಅಂಧತ್ವ ಮತ್ತು ದೃಷ್ಟಿದೋಷ ನಿಯಂತ್ರಣ ಕಾರ್ಯಕ್ರಮದಡಿ ಪೊರೆಯ ಆಪರೇಷನ್ ಉಚಿತ.

ಈಗ ಹಣ್ಣಾದಷ್ಟೂ ಕಷ್ಟ. ಕಲ್ಲಾದ ಪೊರೆ ಒಡೆಯಲು ಹೆಚ್ಚು ಕಂಪನ ಬೇಕು, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಪೆಟ್ಟು ಬೀಳುವ ಅಪಾಯವೂ ಹೆಚ್ಚು. ತೀರಾ ಬಲಿತದ್ದು ಒಳಗೇ ಸೋರಿ ಕಣ್ಣಿನ ಒತ್ತಡ ಏರಿಸೀತು. ಹಾಗೆಂದು ಪೊರೆ ಇದೆ ಎಂದ ದಿನವೇ ಓಡಬೇಕಿಲ್ಲ. ಓದು, ಅಡುಗೆ, ನಡಿಗೆಗೆ ತೊಡಕಾಗತೊಡಗಿದರೆ ಅದೇ ಸಮಯ.

ಆಮೇಲೆ ಕೆಲವು ವಾರ ಡ್ರಾಪ್ಸ್ ತಪ್ಪಬಾರದು, ಕಣ್ಣು ಉಜ್ಜಬಾರದು, ಡಾಕ್ಟರು ಹೇಳುವ ತನಕ ತಲೆಸ್ನಾನ ಬೇಡ. ನೋವು, ಕೆಂಪು ಹೆಚ್ಚಾದರೆ, ದೃಷ್ಟಿ ಇಳಿದರೆ ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೋಗಬೇಕು. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಮಂಜಾದರೆ ಮಸೂರದ ಚೀಲ ಮಸುಕಾಗಿರಬಹುದು. ನಿಜವಾದ ಲೇಸರ್ ಬೇಕಾಗುವುದು ಆಗ, ಕೆಲವೇ ನಿಮಿಷದ ಕೆಲಸ.

ಬಲಗಣ್ಣಿನ ಆಪರೇಷನ್ ಆದ ಮರುವಾರ ದೊಡ್ಡಮ್ಮ ಹಿತ್ತಲಲ್ಲಿ ಒಣಹಾಕಿದ ಪಂಚೆಯ ಎದುರು ನಿಂತಿದ್ದರು. ಎಡಗಣ್ಣು ಮುಚ್ಚಿದರೆ ಬಿಳಿ, ಬಲಗಣ್ಣು ಮುಚ್ಚಿದರೆ ಹಳದಿ. ನಾಲ್ಕು ಸಲ ಮುಚ್ಚಿ ತೆರೆದು ನೋಡಿ, ನನ್ನತ್ತ ತಿರುಗಿದರು: 'ಆ ಮೊದಲನೇ ಸೋಪೇ ತಂದುಬಿಡೋ. ಹಂಗೇ ಈ ಕಣ್ಣಿಗೆ ಯಾವಾಗ ಬರಲಿ ಅಂತ ಕೇಳ್ಕೊಂಡು ಬಾ.'