ಹಳೆಯ ಬಿದಿರು ಪರದೆಗಳನ್ನು ಕಡಿಮೆ ಖರ್ಚಿನಲ್ಲಿ ನವೀಕರಿಸುವ ಕ್ರಮ

ಬೇಸಿಗೆಯ ಬಿಸಿಲನ್ನೂ ಮಳೆಗಾಲದ ಎರಚಲನ್ನೂ ತಡೆಯಲು ಕಿಟಕಿ ಹಾಗೂ ಜಗಲಿಗಳಿಗೆ ಬಿದಿರು ಕಡ್ಡಿಯ ಪರದೆಗಳನ್ನು ಕಟ್ಟುವ ವಾಡಿಕೆ ನಮ್ಮ ಅನೇಕ ಹಳ್ಳಿಗಳಲ್ಲಿದೆ. ಕೆಲವು ವರ್ಷ ಕಳೆದ ಮೇಲೆ ಇವು ಬಣ್ಣಗೆಟ್ಟು, ಹೊಗೆ ಹಿಡಿದು, ಒಂದು ಪಕ್ಕಕ್ಕೆ ಜೋತು ಬೀಳುತ್ತವೆ. ಆಗ ಅವನ್ನು ಕಿತ್ತು ಬಚ್ಚಲೊಲೆಗೆ ಹಾಕಿಬಿಡುವುದುಂಟು. ಆದರೆ ಇಂತಹ ಪರದೆಯಲ್ಲಿ ಮೊದಲು ಲಡ್ಡಾಗುವುದು ಹೆಣೆದ ದಾರ. ಕಡ್ಡಿಗಳು ಬಹುಮಟ್ಟಿಗೆ ಗಟ್ಟಿಯಾಗಿಯೇ ಇರುತ್ತವೆ. ಕುಟ್ಟೆ ಹುಳು ಹಿಡಿಯದಿದ್ದರೆ ಪರದೆಯನ್ನು ಮತ್ತೆ ಹೊಸದರಂತೆ ಮಾಡಬಹುದು.

ಆದ್ದರಿಂದ ಬಣ್ಣದ ಯೋಚನೆಗಿಂತ ಮೊದಲು ಹುಳುವಿನ ಪರೀಕ್ಷೆ ಆಗಬೇಕು. ಬಿದಿರಿನಲ್ಲಿರುವ ಪಿಷ್ಟವೇ ಈ ಹುಳುವಿಗೆ ಆಹಾರ. ಸುಮಾರು 3 ಮಿ.ಮೀ. ಉದ್ದದ ಕಂದು ದುಂಬಿ ಸೂಜಿಮೊನೆಯಷ್ಟು ರಂಧ್ರ ಕೊರೆದು ಒಳಸೇರುತ್ತದೆ. ಅದರ ಮರಿಹುಳುಗಳು ಕಡ್ಡಿಯ ಒಳಭಾಗವನ್ನು ಹಿಟ್ಟು ಮಾಡುತ್ತವೆ. ಪರದೆಯನ್ನು ಕಪ್ಪು ಬಟ್ಟೆಯ ಮೇಲೆ ಹಿಡಿದು ಕೋಲಿನಿಂದ ತಟ್ಟಿ, ಬಿದ್ದ ಪುಡಿಯನ್ನು ಒರೆಸಿ, ಅಲ್ಲಿಯೇ ರಾತ್ರಿಯಿಡೀ ತೂಗುಬಿಡಬೇಕು. ಬೆಳಿಗ್ಗೆ ಬಟ್ಟೆಯ ಮೇಲೆ ಮತ್ತೆ ಬಿಳಿ ಹಿಟ್ಟು ಕಂಡರೆ ಹುಳು ಇನ್ನೂ ಜೀವಂತ ಇದೆಯೆಂದು ತಿಳಿಯಬೇಕು. ಬೆರಳಿನಿಂದ ಒತ್ತಿದರೆ ಮುರಿಯುವ ಕಡ್ಡಿಗಳನ್ನು ತೆಗೆದುಹಾಕಿ, ಉಳಿದವುಗಳ ಮೇಲೆ ಕುದಿಯುವ ನೀರು ಸುರಿಯಬೇಕು.

ಈ ಹಂತದಲ್ಲಿಯೇ ಕೆಲವರು ಹೊಲಕ್ಕೆ ತಂದು ಉಳಿದ ಕೀಟನಾಶಕವನ್ನು ಬಳಿಯಲು ಹೋಗುತ್ತಾರೆ. ಹಿಂದೆ ಬಿ.ಎಚ್.ಸಿ. ಪುಡಿಯನ್ನು ಎಲ್ಲೆಂದರಲ್ಲಿ ಎರಚುತ್ತಿದ್ದ ಕಾಲವೊಂದಿತ್ತು; ಅದನ್ನು 1997ರಲ್ಲಿ ನಿಷೇಧಿಸಲಾಯಿತು. ಇಂದಿನ ಬೆಳೆ ಔಷಧಿಗಳನ್ನು ಕೂಡ ಮನೆಯೊಳಗಿನ ವಸ್ತುಗಳಿಗೆ ಬಳಿಯಕೂಡದು. ಗಾಳಿ ಬರುವ ದಾರಿಯಲ್ಲಿ ತೂಗುವ ಪರದೆಯಿಂದ ವಿಷ ಮನೆಯವರ ಉಸಿರಿಗೆ, ಮಕ್ಕಳ ಕೈಗೆ ಸೇರುತ್ತದೆ. ರೇಷ್ಮೆ ಹುಳು ಸಾಕುವ ಮನೆಯಾದರೆ ಪರಿಣಾಮ ಇನ್ನೂ ಬೇಗ ಕಾಣುತ್ತದೆ: ಅಲ್ಪ ಪ್ರಮಾಣದ ಕೀಟನಾಶಕಕ್ಕೂ ರೇಷ್ಮೆ ಹುಳು ತಡೆಯಲಾರದು, ಇಡೀ ಚಾಕಿಯೇ ಹೋದೀತು.

ಬಿದಿರಿಗೆ ತಕ್ಕ ಮದ್ದು ಬಿಳಿಗಾರ, ಅಂದರೆ ಬೋರಾಕ್ಸ್, ಮತ್ತು ಬೋರಿಕ್ ಆಮ್ಲ. 600 ಗ್ರಾಂ ಬೋರಾಕ್ಸ್ ಹಾಗೂ 400 ಗ್ರಾಂ ಬೋರಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕರಗಿಸಿ ಒಟ್ಟು 20 ಲೀಟರು ಮಾಡಿದರೆ ಶೇ. 5ರ ದ್ರಾವಣ ಸಿದ್ಧವಾಗುತ್ತದೆ. ಮೊದಲು ಪರದೆಯನ್ನು ಅಂಟುವಾಳದ ನೀರಿನಲ್ಲಿ ತೆಂಗಿನ ನಾರಿನಿಂದ ಉಜ್ಜಿ ತೊಳೆದು ಒಣಗಿಸಬೇಕು. ಬಳಿಕ ನೆಲದಲ್ಲಿ ಉದ್ದನೆಯ ಕಿರುಗುಂಡಿ ತೆಗೆದು, ಪಾಲಿಥೀನ್ ಹಾಳೆ ಹಾಸಿ, ಆರಿದ ದ್ರಾವಣವನ್ನು ಹೊಯ್ದು, ಸಡಿಲವಾಗಿ ಸುತ್ತಿದ ಪರದೆಯನ್ನು ಒಂದು ಹಗಲು ಒಂದು ರಾತ್ರಿ ಮುಳುಗಿಸಿಟ್ಟು ನೆರಳಿನಲ್ಲಿ ಒಣಗಿಸಬೇಕು. ದನಕರು, ಮಕ್ಕಳು ಗುಂಡಿಯ ಹತ್ತಿರ ಸುಳಿಯದಂತೆ ಕಾವಲು ಅಗತ್ಯ. ಅಡಿಗೆ ಪಾತ್ರೆಗಳನ್ನು ಇದಕ್ಕೆ ಬಳಸಬಾರದು.

ಹಳೆಯ ಎಣ್ಣೆಬಣ್ಣ ಬಳಿದ ಪರದೆಗಳಿಗೆ ಈ ಕ್ರಮ ಹೊಂದುವುದಿಲ್ಲ. ಬಣ್ಣದ ಪೊರೆಯ ಮೂಲಕ ದ್ರಾವಣ ಇಳಿಯದು. ಮೇಲಾಗಿ ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಂಭವವಿದೆ. ಮನೆಬಣ್ಣಗಳಲ್ಲಿ ಸೀಸಕ್ಕೆ ಹತ್ತು ಲಕ್ಷಕ್ಕೆ 90 ಭಾಗದ ಮಿತಿ ಜಾರಿಗೆ ಬಂದದ್ದು 2017ರಲ್ಲಿ. ಅಂತಹ ಬಣ್ಣವನ್ನು ಉಪ್ಪುಕಾಗದದಿಂದ ಒಣದಾಗಿ ಕೆರೆಯುವುದಾಗಲಿ, ಕಡ್ಡಿಗಳನ್ನು ಒಲೆಗೆ ಹಾಕುವುದಾಗಲಿ ಸಲ್ಲದು. ಒದ್ದೆ ಬಟ್ಟೆಯಿಂದ ಒರೆಸಿ ಮೇಲೆ ಹೊಸ ಬಣ್ಣ ಬಳಿಯುವುದೇ ಲೇಸು.

ದಾರ ಬದಲಿಸುವಾಗ ಎಲ್ಲ ಸಾಲುಗಳನ್ನೂ ಒಮ್ಮೆಲೇ ಕತ್ತರಿಸಿದರೆ ಕಡ್ಡಿಗಳು ಚೆಲ್ಲಾಪಿಲ್ಲಿಯಾಗುತ್ತವೆ. ಒಂದು ಸಾಲು ಬಿಚ್ಚಿ, ಅಲ್ಲಿ ಹೊಸ ಹುರಿ ಹೆಣೆದು, ನಂತರ ಮುಂದಿನ ಸಾಲಿಗೆ ಹೋಗಬೇಕು. ಎರಚಲು ತಗಲಿ ಹೆಚ್ಚು ಸವೆಯುವುದು ಕೆಳಅಂಚು. ಅಲ್ಲಿಂದ ಒಂದು ಗೇಣು ಕತ್ತರಿಸಿ, ಪರದೆಯನ್ನು ತಲೆಕೆಳಗು ಮಾಡಿ ಕಟ್ಟಿದರೆ ಹೊಸ ಕಡ್ಡಿ ಕೊಳ್ಳುವ ಪ್ರಮೇಯವೇ ಬಾರದು. ಎರಡೂ ಪಕ್ಕಗಳಿಗೆ ಹಳೆ ಸೀರೆಯ ಅಂಚನ್ನು ಮಡಿಸಿ ಹೊಲಿದರೆ ನೋಟವೂ ಚೆನ್ನ, ಕಡ್ಡಿಯ ತುದಿಗಳೂ ಸೀಳುವುದಿಲ್ಲ.

ಬಿಳಿಗಾರ ಮಳೆನೀರಿನಲ್ಲಿ ತೊಳೆದುಹೋಗುವ ವಸ್ತು. ಆದ್ದರಿಂದ ಮೇಲೊಂದು ರಕ್ಷಣೆ ಬೇಕು. ಅಂಗಡಿಯಲ್ಲಿ ಸಿಗುವ ಕಾಯಿಸಿದ ಅಗಸೆ ಎಣ್ಣೆಗೆ ಸ್ವಲ್ಪ ಕಾವಿ ಪುಡಿ ಕಲಸಿ, ಬಟ್ಟೆಯಿಂದ ತೆಳುವಾಗಿ ಎರಡು ಸಲ ಒರೆಸಿದರೆ ಜಗಲಿಗೆ ಒಪ್ಪುವ ಇಟ್ಟಿಗೆ ಬಣ್ಣ ಬರುತ್ತದೆ. ಮೊದಲ ಲೇಪ ಪೂರ್ತಿ ಒಣಗಿದ ಮೇಲೆಯೇ ಎರಡನೆಯದು. ಹೊಂಗೆ ಎಣ್ಣೆ ಹಿತ್ತಿಲಲ್ಲೇ ಸಿಗುತ್ತದೆಂದು ಅದನ್ನು ಬಳಸಿದರೆ ಒಣಗದೆ ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಕಾವೇರಿ ಬೆಂಕಿ ಹತ್ತಬಹುದು. ಅದನ್ನು ಬಯಲಿನಲ್ಲಿ ಹರಡಿ ಒಣಗಿಸಿದ ಮೇಲೆ ಬಿಸಾಡಬೇಕು.

ಪರದೆ ಎಳೆಯುವ ಹಗ್ಗವನ್ನು ಕುಣಿಕೆಯಾಗಿ ಇಳಿಬಿಡದೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಮೊಳೆಗೆ ಸುತ್ತಿಡತಕ್ಕದ್ದು. ಕುತ್ತಿಗೆಗೆ ಸಿಕ್ಕಿ ಪ್ರಾಣಾಪಾಯ ಒದಗಬಹುದು.

ಉಳಿದ ದ್ರಾವಣವನ್ನು ಹೆಸರು ಬರೆದ ಡಬ್ಬಿಯಲ್ಲಿ ಮುಚ್ಚಿಟ್ಟು ಮುಂದಿನ ಪರದೆಗೆ ಬಳಸಬಹುದು. ಬೋರಾನ್ ಪೋಷಕಾಂಶವೇ ಎಂದು ಅದನ್ನು ಗಿಡದ ಬುಡಕ್ಕೆ ಸುರಿಯಬಾರದು. 20 ಲೀಟರು ದ್ರಾವಣದಲ್ಲಿ ಸುಮಾರು 130 ಗ್ರಾಂ ಬೋರಾನ್ ಇರುತ್ತದೆ. ಹೆಕ್ಟೇರಿಗೆ 1 ಕಿ.ಗ್ರಾಂ. ಲೆಕ್ಕದಲ್ಲಿ ಇದು ಹನ್ನೆರಡು ಗುಂಟೆಗೂ ಮಿಕ್ಕಿ ಸಾಕಾಗುವಷ್ಟು. ಅಷ್ಟೂ ಒಂದೇ ಕಡೆ ಬಿದ್ದರೆ ಹುರುಳಿಕಾಯಿ, ನಿಂಬೆಯಂತಹ ಗಿಡಗಳ ಎಲೆಯಂಚು ಸುಟ್ಟು ಉದುರುತ್ತದೆ.